ಆ ಕುಲುಕಾಟ ಎಲ್ಲಿಗೆ ಹೋಯ್ತು?

1907ರಲ್ಲಿ ಬ್ರಿಟನ್ನಿನ ರಸ್ತೆಯೊಂದರ ಮೇಲೆ ಒಂದು ಕಾರು ಸುಮಾರು ಒಂದು ನಿಮಿಷ ನಿಂತಿತು. ಇಂಜಿನ್ ಕೆಟ್ಟಿರಲಿಲ್ಲ, ಪೆಟ್ರೋಲ್ ಖಾಲಿಯಾಗಿರಲಿಲ್ಲ. ರಸ್ತೆಯ ಕುಲುಕಾಟಕ್ಕೆ ಪೆಟ್ರೋಲಿನ ನಲ್ಲಿ ತನ್ನಷ್ಟಕ್ಕೇ ತಿರುಗಿ ಬಂದಾಗಿತ್ತು, ಅಷ್ಟೇ. ನಲ್ಲಿ ತೆರೆದರು, ಮತ್ತೆ ಹೊರಟರು.

ಅದು ರೋಲ್ಸ್ ರಾಯ್ಸ್‌ನವರ ಸಿಲ್ವರ್ ಘೋಸ್ಟ್. ಲಂಡನ್ನಿಗೂ ಗ್ಲಾಸ್ಗೋಗೂ ನಡುವೆ ಹಗಲು ರಾತ್ರಿ ಓಡಿಸಿ, ಮೇಲ್ವಿಚಾರಕರನ್ನು ಜೊತೆಗೆ ಕೂರಿಸಿಕೊಂಡು, ನಿಂತದ್ದು ಹೋದದ್ದು ಎಲ್ಲವನ್ನೂ ಬರೆದಿಟ್ಟ ಪರೀಕ್ಷೆ. ಈ ನಲ್ಲಿಯ ಪ್ರಸಂಗ ನಡೆದದ್ದು 629ನೇ ಮೈಲಿಯಲ್ಲಿ. ಅಲ್ಲಿಂದ ಮುಂದೆ 14,371 ಮೈಲಿ, ಅಂದರೆ ಇಪ್ಪತ್ತಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು, ಆ ಕಾರು ಕೆಟ್ಟು ನಿಲ್ಲಲೇ ಇಲ್ಲ. ಕೊನೆಗೆ ಪೂರ್ತಿ ಬಿಚ್ಚಿ, ಸವೆದ ಭಾಗಗಳನ್ನೆಲ್ಲ ಅಳೆದು ನೋಡಿದರು. ಅದನ್ನು ಮತ್ತೆ ಹೊಸದರ ಹಾಗೆ ಮಾಡಲು ಬೇಕಾದ ಸಾಮಾನಿನ ಬೆಲೆ 2 ಪೌಂಡ್, 2 ಶಿಲಿಂಗ್, 7 ಪೆನ್ಸ್.

ನನ್ನ ಕೆಲಸದವರಿಗೆ ಇದು ಪುರಾಣದ ಕತೆ ಇದ್ದ ಹಾಗೆ. ಬೆಂಗಳೂರಿನಲ್ಲಿ ನಾನು ಎನ್‌ವಿಎಚ್ ಟೀಮಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ನಾಯ್ಸ್, ವೈಬ್ರೇಶನ್, ಹಾರ್ಶ್‌ನೆಸ್: ಸದ್ದು, ಅದುರು, ಒರಟು. ಗಾಡಿಯ ಸೀಟು, ಸ್ಟೇರಿಂಗ್, ಫ್ಲೋರ್ ಎಲ್ಲ ಕಡೆ ಉಗುರಿನಷ್ಟು ದೊಡ್ಡ ಸೆನ್ಸರ್ ಅಂಟಿಸಿ ರಸ್ತೆ ಮೇಲೆ ಓಡಿಸುತ್ತಾರೆ. ಬಂದ ಡೇಟಾವನ್ನು ತೆಗೆದುಕೊಂಡು ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಅದುರು ಅಂತ ಗ್ರಾಫ್ ತೋರಿಸುವ ಪ್ರೋಗ್ರಾಮು ನನ್ನದು. ಒಮ್ಮೆ ಊರಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಗಾಡಿ ಕುಲುಕ್ತ್ ಅಂದೇಳಿ ಹೇಳುಕೆ ನಿಂಗೆ ಸಂಬಳ ಕೊಡ್ತ್ರಾ? ನಮ್ಮಣ್ಣನ್ ಹತ್ರ ಕೇಂಡ್ರೆ ಪುಕ್ಕಟೆ ಹೇಳ್ತಿದ್ದ" ಅಂದಳು.

ಅವಳ ಅಣ್ಣ, ನನ್ನ ಸೋದರಮಾವ, ಬೈಂದೂರಿನಿಂದ ಕುಂದಾಪುರ, ಬ್ರಹ್ಮಾವರ ದಾಟಿ ಉಡುಪಿಗೆ ಇಪ್ಪತ್ತೆಂಟು ವರ್ಷ ಬಸ್ ಓಡಿಸಿದವರು. ಅಮ್ಮ ತಮಾಷೆಗೆ ಹೇಳಿದ್ದಲ್ಲ. ಹಳೇ ಕಾಲದ ಕಾರು ಪರೀಕ್ಷೆಗಳ ಬಗ್ಗೆ ಓದಿದಷ್ಟೂ ನನಗೆ ಮಾವನೇ ನೆನಪಾಗುತ್ತಾರೆ. ಯಾಕೆಂದರೆ ಆಗ ಸೆನ್ಸರ್ ಇರಲಿಲ್ಲ. ಪರೀಕ್ಷೆ ಮಾಡುವವರ ಕಿವಿ, ಕೈ, ಕೂತ ಜಾಗ, ಇಷ್ಟೇ ಸಲಕರಣೆ.

ಸಿಲ್ವರ್ ಘೋಸ್ಟ್ ಮರುವರ್ಷವೇ ನಮ್ಮ ಸಹ್ಯಾದ್ರಿಗೂ ಬಂತು. 1908ರಲ್ಲಿ ಮುಂಬಯಿ–ಕೊಲ್ಲಾಪುರ ದಾರಿಯಲ್ಲಿ ಮೋಟಾರುಗಳ ಪರೀಕ್ಷೆ ನಡೆಯಿತು. 620 ಮೈಲಿ, ಎತ್ತರದ ಆರು ಘಾಟಿ. 'ಪರ್ಲ್ ಆಫ್ ದಿ ಈಸ್ಟ್' ಅಂತ ಹೆಸರಿಟ್ಟ ಸಿಲ್ವರ್ ಘೋಸ್ಟ್ ಒಂದು ಅದನ್ನು ಗೆದ್ದು, ಆಮೇಲೆ ಗ್ವಾಲಿಯರ್ ಮಹಾರಾಜರ ಮನೆ ಸೇರಿತು. ಕಾರು ಕೊಳ್ಳುವ ರಾಜರು ಇಲ್ಲಿದ್ದರು, ಅವರ ರಸ್ತೆಗಳೂ ಇಲ್ಲಿಯವೇ. ಲಂಡನ್ನಿನಲ್ಲಿ ಪಾಸಾದರೆ ಸಾಕಾಗುತ್ತಿರಲಿಲ್ಲ.

ಆ ಕಾಲದ ಪರೀಕ್ಷೆಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳು ಇವತ್ತಿಗೂ ಬದಲಾಗಿಲ್ಲ. ಅದುರುತ್ತದಾ? ಸದ್ದು ಮಾಡುತ್ತದಾ? ಹಿಡಿದ ದಾರಿಯಲ್ಲಿ ನೆಟ್ಟಗೆ ಹೋಗುತ್ತದಾ?

ಅದುರುವುದಕ್ಕೆ ರಸ್ತೆಯೇ ಬೇಕಂತಿಲ್ಲ, ಇಂಜಿನ್ನೇ ಸಾಕು. ರಾಯ್ಸ್ ಮೊದಲು ಮಾಡಿದ ಆರು ಸಿಲಿಂಡರಿನ 30 ಅಶ್ವಶಕ್ತಿಯ ಕಾರುಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಮುರಿಯುತ್ತಿತ್ತು. ಉದ್ದನೆಯ ಕಬ್ಬಿಣದ ದಂಡ, ಅದರ ಮೇಲೆ ಆರು ಕಡೆ ಸರದಿ ಪ್ರಕಾರ ಪೆಟ್ಟು. ಒದ್ದೆ ಪಂಚೆ ಹಿಂಡಿದ ಹಾಗೆ ದಂಡ ತಿರುಚಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಪೆಟ್ಟಿನ ಲಯವೂ ದಂಡದ ಸ್ವಂತ ಲಯವೂ ಕೂಡಿಬಂದ ವೇಗದಲ್ಲಿ ಆ ತಿರುಚಾಟ ಹೆಚ್ಚುತ್ತಾ ಹೋಗಿ ದಂಡವೇ ತುಂಡಾಗುತ್ತದೆ. ಸಿಲ್ವರ್ ಘೋಸ್ಟಿನಲ್ಲಿ ಅದನ್ನು ದಪ್ಪ ಮಾಡಿ ಏಳು ಬೇರಿಂಗುಗಳ ಮೇಲೆ ಕೂರಿಸಿದರು. ಅದೇ ಕಾಲದ ಇನ್ನೊಬ್ಬ ಇಂಗ್ಲಿಷ್ ಇಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ತನ್ನ ಮೊದಲ ಕಾರುಗಳಲ್ಲಿ ಎರಡು ಕ್ರ್ಯಾಂಕ್‌ಶಾಫ್ಟ್ ಇಟ್ಟು, ಒಂದನ್ನು ಆ ಕಡೆಗೂ ಒಂದನ್ನು ಈ ಕಡೆಗೂ ತಿರುಗಿಸಿದ. ಒಂದರ ನಡುಕವನ್ನು ಇನ್ನೊಂದು ತಿಂದುಬಿಡಬೇಕು ಅಂತ.

ಮಾವನ ಬಸ್ಸಿನಲ್ಲಿ ಅಂಥ ಏರ್ಪಾಡು ಯಾವುದೂ ಇರಲಿಲ್ಲ. ಮುಂದೆ ಇಂಜಿನ್ ಇರುವ ಹಳೇ ಬಸ್ಸು. ಇಂಜಿನ್ನಿನ ಬಾನೆಟ್ಟು ಡ್ರೈವರಿನ ಎಡಗಡೆಗೆ, ಬಸ್ಸಿನ ಒಳಗೇ. ಅದರ ಮೇಲೆ ರೆಕ್ಸಿನ್ ಹೊದಿಸಿ ಮೆತ್ತೆ ಹಾಕಿರುತ್ತಿದ್ದರು. ರಜೆಯಲ್ಲಿ ಮಾವನ ಬಸ್ಸು ಹತ್ತಿದರೆ ನಮಗೆ ಅದೇ ಸಿಂಹಾಸನ. ಬೈಂದೂರು ಬಿಟ್ಟು ಉಪ್ಪುಂದ, ನಾವುಂದ ದಾಟುವಷ್ಟರಲ್ಲಿ ಕುಂಡೆ ಬಿಸಿಯಾಗಿ, ಮರವಂತೆಯಲ್ಲಿ ಕಡಲು ಕಂಡಾಗ ಹಲ್ಲು ಕಟಕಟ ಅನ್ನುತ್ತಿದ್ದರೂ ಇಳಿಯುವ ಮನಸ್ಸಾಗುತ್ತಿರಲಿಲ್ಲ. ನಮಗೆ ಅದು ವರ್ಷಕ್ಕೆ ನಾಲ್ಕು ದಿನದ ಮಜಾ. ಮಾವನಿಗೆ ದಿನಾ.

ಬಾನೆಟ್ಟಿನ ಮೇಲೆ ಕೂತೇ ನಾನು ಸದ್ದಿನ ಪಾಠ ಕಲಿತದ್ದು. ಗರಗರ ಅಂದರೆ ಬೇರಿಂಗ್ ಹೋಗಿದೆ. ಕುಂಯ್ ಅಂದರೆ ಗೇರಿನ ಹಲ್ಲು. ಹೊರಡುವಾಗ ಒಮ್ಮೆ ಟಕ್ ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಸವೆದಿದೆ. ಹೊಂಡಕ್ಕೆ ಬಿದ್ದಾಗ ದಡ್ ಅಂದು ಆಮೇಲೆ ಕಿರ್ ಅಂದರೆ ಸ್ಪ್ರಿಂಗ್ ಪ್ಲೇಟು ತುಂಡು. ಈಗ ಆಫೀಸಿನಲ್ಲೂ ಇಂಥದೇ ಪಟ್ಟಿ ಇದೆ. ಬಝ್, ಸ್ಕ್ವೀಕ್, ರ‍್ಯಾಟಲ್, ವೈನ್, ಬೂಮ್. ಹೊಸದಾಗಿ ಸೇರಿದವರಿಗೆ ಹೆಡ್‌ಫೋನ್ ಹಾಕಿಸಿ ಇವನ್ನು ಗುರುತಿಸಲು ಕಲಿಸುತ್ತಾರೆ. ನನಗೆ ಟ್ರೇನಿಂಗಿನಲ್ಲಿ ಒಳ್ಳೇ ಮಾರ್ಕ್ಸ್ ಬಂತು.

ಇನ್ನು ಮೂರನೇ ಪ್ರಶ್ನೆ, ನೆಟ್ಟಗೆ ಹೋಗುವುದು. ಹಳೇ ಕಾರುಗಳ ಮುಂದಿನ ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದರೆ ಆಕ್ಸಲ್ ಓರೆಯಾಗಿ ಎರಡೂ ಚಕ್ರ ವಾಲುತ್ತವೆ. ತಿರುಗುತ್ತಿರುವ ಚಕ್ರ ಬುಗುರಿಯ ಜಾತಿಯದು. ಓರೆ ಮಾಡಿದರೆ ಅದು ಪಕ್ಕಕ್ಕೆ ತಿರುಗಲು ನೋಡುತ್ತದೆ. ಹಾಗೆ ಚಕ್ರ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಬಡಿದಾಡಲು ಶುರುವಾದರೆ ಸ್ಟೇರಿಂಗ್ ಹಿಡಿದವನ ಕೈ ಕಿತ್ತುಬರುವಷ್ಟು ಜೋರು. ಇದಕ್ಕೆ ಶಿಮ್ಮಿ ಅಂತ ಹೆಸರು. 1920ರ ದಶಕದಲ್ಲಿ ಕುಲುಕಾಟ ಕಡಿಮೆಯಾಗಲಿ ಅಂತ ಗಾಳಿ ಕಡಿಮೆ ತುಂಬುವ ದಪ್ಪ ಬಲೂನ್ ಟೈರು ಬಂತು. ಸೀಟಿಗೆ ಸುಖವಾಯಿತು, ಶಿಮ್ಮಿ ಇನ್ನೂ ಜಾಸ್ತಿಯಾಯಿತು. ಅಂದರೆ ಕೂತವರ ಬೆನ್ನಿನಿಂದ ತೆಗೆದದ್ದು ಓಡಿಸುವವನ ಕೈಗೆ ಬಂತು. 1934ರಲ್ಲಿ ಜನರಲ್ ಮೋಟಾರ್ಸ್‌ನವರು ಮುಂದಿನ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಶನ್ ಕೊಟ್ಟ ಕಾರುಗಳನ್ನು ಮಾರಲು ಶುರು ಮಾಡಿದಾಗ ಈ ಕಾಟ ಕಡಿಮೆಯಾಯಿತು.

ಆ ಬದಲಾವಣೆಯ ಹಿಂದೆ ಇದ್ದವರಲ್ಲಿ ಮಾರಿಸ್ ಆಲಿ ಒಬ್ಬ. ರೋಲ್ಸ್ ರಾಯ್ಸ್ ಬಿಟ್ಟು ಅಮೆರಿಕದ ಕ್ಯಾಡಿಲಾಕ್ ಸೇರಿದವನು. ಏಳು ಜನ ಕೂರುವ ದೊಡ್ಡ ಕಾರಿಗೆ ಹಿಂದೆ ಮುಂದೆ ಸರಿಸಬಹುದಾದ ಭಾರಗಳನ್ನು ಕಟ್ಟಿ, ಸ್ಪ್ರಿಂಗ್ ಬದಲಿಸಿ ಬದಲಿಸಿ ಓಡಿಸಿ ನೋಡಿದ. ಉಬ್ಬಿಗೆ ಮೊದಲು ಮುಂದಿನ ಚಕ್ರ ಹತ್ತುತ್ತದೆ, ಆಮೇಲೆ ಹಿಂದಿನದು. ಚಕ್ರಗಳ ನಡುವೆ ಐದು ಮೀಟರ್ ಇರುವ ಬಸ್ಸು ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುತ್ತಿದ್ದರೆ ಎರಡಕ್ಕೂ 0.3 ಸೆಕೆಂಡ್ ಅಂತರ. ಮುಂದಿನದು ಮೇಲೆದ್ದು ಕೆಳಗಿಳಿಯುವಾಗ ಹಿಂದಿನದು ಮೇಲೇಳುತ್ತಿದ್ದರೆ ಗಾಡಿ ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗುತ್ತದೆ. ಆಲಿ ಕಂಡುಕೊಂಡದ್ದು ಇಷ್ಟು: ಮುಂದಿನ ಸ್ಪ್ರಿಂಗ್ ಮೆತ್ತಗಿರಲಿ, ಹಿಂದಿನದು ಸ್ವಲ್ಪ ಬಿಗಿ ಇರಲಿ. ಆಗ ತಡವಾಗಿ ಹೊರಟ ಹಿಂಭಾಗ ಬೇಗ ಬೇಗ ಕುಣಿದು ಮುಂಭಾಗವನ್ನು ಹಿಡಿದುಕೊಳ್ಳುತ್ತದೆ, ಗಾಡಿ ಸಮತಟ್ಟಾಗಿ ಕೂರುತ್ತದೆ.

ಇದನ್ನು ಮಾವನಿಗೆ ಪೇಪರಿನ ಮೇಲೆ ಗೀರಿ ತೋರಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಹಿಂದಿನ್ ಸೀಟಂಗೆ ಕೂಕಂಡ್ರೆ ಮಂಡೆ ಮಾಡಿಗ್ ತಾಗತ್ತ್, ನಡುಗ್ ಕೂಕಣಿ ಅಂದೇಳಿ ಬಸ್ರಿ ಹೆಂಗ್ಸ್ರಿಗೆಲ್ಲ ನಾವ್ ಹೇಳ್ತಿತ್ತ್" ಅಂದರು. ನಡುವೆ ಯಾಕೆ ಅಂತ ಅವರಿಗೆ ಯಾರೂ ಗಣಿತ ಹೇಳಿಕೊಟ್ಟಿರಲಿಲ್ಲ. ತೊಟ್ಟಿಲಿನ ನಡು ಕಡಿಮೆ ತೂಗುತ್ತದೆ, ತುದಿ ಜಾಸ್ತಿ. ನಾನು ಕೇಳಿದೆ, "ಹಾಂಗಾರೆ ಡ್ರೈವರ್ ಸೀಟ್?" ಮಾವ ನಕ್ಕರು. ಅದು ಇನ್ನೊಂದು ತುದಿ.

ನಮ್ಮ ಕರಾವಳಿಯ ರಸ್ತೆಗಳು ಮೋಟಾರಿಗೆ ಸುಲಭದ ಪರೀಕ್ಷೆ ಇಟ್ಟವಲ್ಲ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್, ಎಲ್ಲರ ಬಾಯಲ್ಲಿ ಸಿಪಿಸಿ, ಶುರುವಾದದ್ದು 1914ರಲ್ಲಿ. ಆಗ ಈ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಕೆಂಪು ಮುರಕಲ್ಲಿನ ರಸ್ತೆ, ಮೂರು ತಿಂಗಳ ಮಳೆ, ಐದಾರು ಮೈಲಿಗೊಂದು ಹೊಳೆ. ಸೇತುವೆಗಳು ಬರುವ ಮೊದಲು ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ಗಾಡಿ ಹತ್ತಿಸಿ ದಾಟಿಸುತ್ತಿದ್ದರು ಅಂತ ಅಜ್ಜಯ್ಯ ಹೇಳುತ್ತಿದ್ದರು. ಇಡೀ ಪ್ರಯಾಣದಲ್ಲಿ ಗಾಡಿ ಕುಲುಕದೆ ಇರುತ್ತಿದ್ದದ್ದು ನೀರಿನ ಮೇಲೆ ಮಾತ್ರವಂತೆ. ಸಿಪಿಸಿಯನ್ನು ನಡೆಸಿದ ವಿ. ಎಸ್. ಕುಡ್ವರು 1940ರ ದಶಕದಲ್ಲಿ ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಕಟ್ಟಿದರು. ಅಲ್ಲಿ ತಯಾರಾಗಿ ಹೆಸರು ಮಾಡಿದ್ದು ಗಾಡಿಯ ಪ್ಲೇಟು ಸ್ಪ್ರಿಂಗು, ಕೆನರಾ ಸ್ಪ್ರಿಂಗ್ಸ್. ನಮ್ಮ ರಸ್ತೆಗಳಲ್ಲಿ ಬಸ್ಸು ನಡೆಸಿದವರು ಸ್ಪ್ರಿಂಗ್ ಮಾಡಲು ಹೊರಟದ್ದರಲ್ಲಿ ನನಗಂತೂ ಆಶ್ಚರ್ಯ ಕಾಣುವುದಿಲ್ಲ.

ಸ್ಪ್ರಿಂಗ್ ಏನು ಮಾಡುತ್ತದೆ ಅಂತ ಇಲ್ಲಿ ಒಂದು ಮಾತು. ಅದು ಪೆಟ್ಟನ್ನು ಇಲ್ಲವಾಗಿಸುವುದಿಲ್ಲ, ಇಟ್ಟುಕೊಂಡು ನಿಧಾನ ವಾಪಸ್ ಕೊಡುತ್ತದೆ. ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಸ್ವಲ್ಪ ಶಾಖವಾಗಿ ಹೋಗುತ್ತದೆ, ಶಾಕ್ ಅಬ್ಸಾರ್ಬರಿನ ಎಣ್ಣೆಯಲ್ಲಿ ಇನ್ನಷ್ಟು. ಉಳಿದದ್ದು ಛಾಸಿಗೆ, ಛಾಸಿಯಿಂದ ಸೀಟಿಗೆ, ಸೀಟಿನಿಂದ ಮೈಗೆ. ಮನುಷ್ಯನ ಮೈಯೂ ಒಂದು ಸ್ಪ್ರಿಂಗೇ. ಕೂತ ಮೈ ಮೇಲೆ ಕೆಳಗೆ ಅದುರುವಾಗ ಸೆಕೆಂಡಿಗೆ 4ರಿಂದ 8 ಸಲದ ಅದುರನ್ನು ಅದು ಎಲ್ಲಕ್ಕಿಂತ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹೊಟ್ಟೆ, ಬೆನ್ನುಮೂಳೆ, ಭುಜ ಎಲ್ಲ ಆಗ ಜೊತೆಗೆ ಕುಣಿಯುತ್ತವೆ. ನಾವು ಡ್ಯಾಂಪಿಂಗ್ ಅಂತ ಕರೆಯುವ ಆ ಕೆಲಸದ ಒಂದು ಪಾಲನ್ನು ಡ್ರೈವರಿನ ಬೆನ್ನು ಮಾಡುತ್ತಿರುತ್ತದೆ.

ಮಾವನ ಬೆನ್ನು ಹೋದದ್ದು ಎಲ್ಲರಿಗೂ ಗೊತ್ತಿತ್ತು. ಕಿವಿ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ಕರೆದರೆ ತಿರುಗುತ್ತಿದ್ದರು, ಟಿವಿ ನೋಡುತ್ತಿದ್ದರು. ಆದರೆ ಏನು ಹೇಳಿದರೂ "ಎಂತ?" ಅನ್ನುತ್ತಿದ್ದರು. ಬೇಕಂತಲೇ ಮಾಡ್ತ್ರ್ ಅಂತ ಅತ್ತೆಗೆ ಸಿಟ್ಟು. ಹೋದ ವರ್ಷ ನಾನೇ ಕಿವಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಕೈ ಎತ್ತಲು ಹೇಳಿದರು. ಆಮೇಲೆ ಒಂದು ಪ್ರಿಂಟ್ ನನ್ನ ಕೈಗೆ ಕೊಟ್ಟರು.

ಅಡ್ಡ ಗೆರೆಯಲ್ಲಿ ಫ್ರೀಕ್ವೆನ್ಸಿ, ಉದ್ದ ಗೆರೆಯಲ್ಲಿ ಡೆಸಿಬೆಲ್. ದಿನಾ ನಾನು ನೋಡುವ ಗ್ರಾಫೇ. 250, 500, 1000ದಲ್ಲಿ ಗೆರೆ ಹೇಗೋ ನಡೆದುಕೊಂಡು ಬಂದು, 4000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ಎಡ, ಬಲ ಎರಡೂ. ಎಡಗಡೆ ಇಂಜಿನ್, ಬಲಗಡೆ ತೆರೆದ ಕಿಟಕಿಯ ಗಾಳಿ ಮತ್ತು ಎದುರಿನ ಬಸ್ಸುಗಳ ಹಾರ್ನು. ಜೋರು ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಕಿವಿ ಮೊದಲು ಹೋಗುವುದು ಸಾಮಾನ್ಯವಾಗಿ ಅಲ್ಲೇ, 4000ದ ಆಸುಪಾಸಿನಲ್ಲಿ. ಒಳಗಿವಿಯ ಆ ಸಣ್ಣ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸ್ವರಗಳು ಕೆಳಗಿನ ಫ್ರೀಕ್ವೆನ್ಸಿಯವು, ಸ ಶ ಚ ತರದ ವ್ಯಂಜನಗಳು ಮೇಲಿನವು. ಹಾಗಾಗಿ ಮಾವನಿಗೆ ಮಾತು ಕೇಳುತ್ತದೆ, ಏನು ಮಾತು ಅಂತ ತಿಳಿಯುವುದಿಲ್ಲ. ಅತ್ತೆಗೆ ಇದನ್ನು ಹೇಳಿದ ಮೇಲೆ ಅವರು ಸುಮಾರು ಹೊತ್ತು ಸುಮ್ಮನಿದ್ದರು. ಈಗ ಎದುರು ಬಂದು, ಮುಖ ನೋಡಿ ಮಾತಾಡುತ್ತಾರೆ.

ಆ ಗ್ರಾಫು ಕೈಗೆ ಬಂದಂದಿನಿಂದ ನಾನು ಹಳೇ ಪರೀಕ್ಷೆಗಳನ್ನು ಬೇರೆ ತರ ಓದುತ್ತಿದ್ದೇನೆ. ಕಾರು ನಿಶ್ಶಬ್ದ ಅಂದಾಗ, ಯಾರಿಗೆ ನಿಶ್ಶಬ್ದ? ಆ ಕಾಲದ ಎಷ್ಟೋ ದೊಡ್ಡ ಕಾರುಗಳಲ್ಲಿ ಯಜಮಾನರು ಹಿಂದೆ ಗಾಜಿನ ಕೋಣೆಯೊಳಗೆ, ಡ್ರೈವರ್ ಮುಂದೆ ಮಳೆ ಗಾಳಿಗೆ ಮೈಯೊಡ್ಡಿ. 2 ಪೌಂಡ್ 2 ಶಿಲಿಂಗ್ 7 ಪೆನ್ಸ್ ಅನ್ನುವುದು ಕಾರಿನ ಸವೆತದ ಲೆಕ್ಕ. ಹದಿನೈದು ಸಾವಿರ ಮೈಲಿ ಸ್ಟೇರಿಂಗ್ ಹಿಡಿದ ಕೈಗಳನ್ನು ಬಿಚ್ಚಿ ಅಳೆಯಲಿಕ್ಕೆ ಬರುವುದಿಲ್ಲ.

ಮೈಯ ಲೆಕ್ಕ ಇಡುವ ದಾರಿ ಈಗ ಇದೆ. ಐಎಸ್‌ಒ 2631 ಅನ್ನುವ ಮಾನದಂಡ ಮೈಗೆ ತಾಗುವ ಅದುರನ್ನು ಹೇಗೆ ಅಳೆಯಬೇಕು ಅಂತ ಹೇಳುತ್ತದೆ. ಯುರೋಪಿನ ಒಕ್ಕೂಟ 2002ರಲ್ಲಿ ಕಾನೂನು ಮಾಡಿತು. ಎಂಟು ಗಂಟೆಯ ಕೆಲಸಕ್ಕೆ ಸರಾಸರಿ 0.5 ದಾಟಿದರೆ ಮಾಲೀಕ ಏನಾದರೂ ಮಾಡಬೇಕು, 1.15 ದಾಟುವ ಹಾಗೇ ಇಲ್ಲ. ಲೆಕ್ಕ ಮೀಟರ್ ಪರ್ ಸೆಕೆಂಡ್ ಸ್ಕ್ವೇರಿನಲ್ಲಿ. ನಮ್ಮ ರಿಪೋರ್ಟಿನಲ್ಲಿ ಡ್ರೈವರ್ ಸೀಟಿನ ಡೇಟಾ ಮೊದಲಿನಿಂದಲೂ ಇತ್ತು, ಆದರೆ ಟೆಸ್ಟ್ ಓಡಿಸಿದ ಹತ್ತು ನಿಮಿಷದ್ದು. ಆ ಹತ್ತು ನಿಮಿಷವನ್ನು ಎಂಟು ಗಂಟೆಗೆ ಹಿಗ್ಗಿಸಿದರೆ ಎಷ್ಟಾಗುತ್ತದೆ ಅಂತ ತೋರಿಸುವ ಒಂದು ಸಾಲು ಬರೆದೆ. ಕೋಡು ಇಪ್ಪತ್ತು ಲೈನೂ ಇಲ್ಲ. ರಿವ್ಯೂನಲ್ಲಿ ಮ್ಯಾನೇಜರ್ ಕೇಳಿದರು, "ಕಸ್ಟಮರ್ ಕೇಳಿದಾರಾ?" ಇಲ್ಲ ಅಂದೆ. "ಸರಿ, ಕೊನೇ ಪೇಜಲ್ಲಿ ಇರಲಿ." ಕೊನೇ ಪೇಜಿನಲ್ಲಿದೆ. ಇನ್ನೂ ಯಾರೂ ಅದರ ಬಗ್ಗೆ ಮೇಲ್ ಮಾಡಿಲ್ಲ, ತೆಗೆಯಿರಿ ಅಂತಲೂ ಹೇಳಿಲ್ಲ.

ಮೊನ್ನೆ ನವರಾತ್ರಿಗೆ ಊರಿಗೆ ಹೋದಾಗ ಮಾವನನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಕೊಲ್ಲೂರಿಗೆ ಹೊರಟಿದ್ದೆ. ಹೈವೇಯಲ್ಲಿ ಎಂಬತ್ತಕ್ಕೆ ಬಂದಾಗ ಅವರು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟರು. ಆಮೇಲೆ ಕಾಲಿನ ಚಪ್ಪಲಿ ಬಿಟ್ಟು ಬರೀ ಪಾದವನ್ನು ಫ್ಲೋರಿಗೆ ಒತ್ತಿದರು. "ಮಾಣಿ, ಎಡದ್ ಮುಂದಿನ್ ಚಕ್ರ ತೋರ್ಸ್" ಅಂದರು.

"ನಂಗೆಂತ ಗೊತ್ತಾತಿಲ್ಲೆ ಮಾವ. ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?"

ಅವರಿಗೆ ಕೇಳಲಿಲ್ಲ. ನಾನು ರಸ್ತೆ ನೋಡುತ್ತಿದ್ದೆ, ಮುಖ ಅವರ ಕಡೆ ಇರಲಿಲ್ಲ. ಮಾರನೇ ದಿನ ಕುಂದಾಪುರದಲ್ಲಿ ಟೈರಿನ ಅಂಗಡಿಯಲ್ಲಿ ಚಕ್ರ ಬಿಚ್ಚಿ ಮಶೀನಿಗೆ ಹಾಕಿದರೆ ಎಡ ಮುಂದಿನದರ ಬ್ಯಾಲೆನ್ಸಿಂಗ್ ತೂಕವೇ ಬಿದ್ದುಹೋಗಿತ್ತು. ಎಂಬತ್ತರ ವೇಗದಲ್ಲಿ ನನ್ನ ಕಾರಿನ ಚಕ್ರ ಸೆಕೆಂಡಿಗೆ ಹೆಚ್ಚುಕಡಿಮೆ ಹನ್ನೆರಡು ಸುತ್ತು ತಿರುಗುತ್ತದೆ. ಹನ್ನೆರಡು ಹರ್ಟ್ಸಿನ ಅಷ್ಟು ಸಣ್ಣ ಅದುರು. ಕಿವಿಗೆ ಅದು ಮೊದಲೂ ಕೇಳುವಂಥದ್ದಲ್ಲ. ಅಂಗೈ ಇನ್ನೂ ಕೆಲಸ ಮಾಡುತ್ತಿದೆ.

ನಿಮ್ಮಲ್ಲಿ ಯಾರಾದರೂ ಹೊಸ ಕಾರಿನ ಟೆಸ್ಟ್ ಡ್ರೈವಿಗೆ ಹೋಗುವವರಿದ್ದರೆ ಮಾವನ ಕ್ರಮ ಹೇಳಿಬಿಡುತ್ತೇನೆ. ಹಾಡು ಬಂದ್, ಏಸಿ ಬಂದ್. ಶೋರೂಮಿನವರು ಹೇಳಿದ ನುಣ್ಣನೆ ರಸ್ತೆ ಬಿಟ್ಟು ಹೊಂಡದ ರಸ್ತೆಗೆ ಹೋಗಿ. ಸ್ಟೇರಿಂಗನ್ನು ಬೆರಳ ತುದಿಯಲ್ಲಿ ಹಿಡಿಯಿರಿ, ಬಿಗಿ ಹಿಡಿದರೆ ಅದು ಮಾತಾಡುವುದಿಲ್ಲ. ಮತ್ತೆ, ನಾಲ್ಕೂ ಸೀಟಿನಲ್ಲಿ ಒಮ್ಮೊಮ್ಮೆ ಕೂತು ನೋಡಿ.

ಶುಕ್ರವಾರ ರಾತ್ರಿ ಬೆಂಗಳೂರಿಂದ ಕುಂದಾಪುರಕ್ಕೆ ಬಸ್ ಬುಕ್ ಮಾಡುವಾಗ ನಾನು ಈಗಲೂ ನಡುವಿನ ಸೀಟೇ ಆರಿಸುತ್ತೇನೆ, ತೊಟ್ಟಿಲಿನ ನಡು. ಬೆಳಿಗ್ಗೆ ಶಾಸ್ತ್ರಿ ಸರ್ಕಲ್ಲಿನಲ್ಲಿ ಇಳಿಯುವಾಗ ಡ್ರೈವರಿನ ಸೀಟಿನ ಕೆಳಗೆ ಒಮ್ಮೆ ಇಣುಕುವುದು ಅಭ್ಯಾಸವಾಗಿದೆ, ಗಾಳಿಯ ಸಸ್ಪೆನ್ಶನ್ ಇದೆಯಾ, ಬರೀ ಸ್ಪಂಜಾ ಅಂತ. ಹೋದ ಸಲ ಹಾಗೆ ಇಣುಕುತ್ತಿದ್ದಾಗ ಡ್ರೈವರು, "ಎಂತ ಬಿದ್ದೋಯ್ತಾ ಸರ್?" ಅಂತ ಕೇಳಿದರು. ಇಲ್ಲ, ಸೀಟು ಹೇಗಿದೆ ಅಂತ ನೋಡಿದೆ ಅಂದೆ. ಅವರಿಗೆ ಸರಿಯಾಗಿ ಕೇಳಿಸಲಿಲ್ಲ ಅಂತ ಕಾಣುತ್ತದೆ. ಎದುರು ಹೋಗಿ, ಮುಖ ನೋಡಿ, ಇನ್ನೊಮ್ಮೆ ಹೇಳಿದೆ.